ಹಳಿಯ ಹಂಗಿಲ್ಲದ ಇಂಜಿನ್

ಇದನ್ನು ಬರೆಯುತ್ತಿರುವ ಹೊತ್ತಿಗೂ ನನ್ನ ಹಣೆಯ ಮೇಲಿನ ಗುಬುಟು ಇಳಿದಿಲ್ಲ. ಮೊನ್ನೆ ಭಾನುವಾರ ಸಂಜೆ, ಮನೆಗೆ ಬಂದಿದ್ದ ನಾಲ್ವರು ಅತಿಥಿಗಳು ಕಾಫಿಯ ಲೋಟ ಹಿಡಿದು ನೋಡುತ್ತಿದ್ದಂತೆಯೇ, ಐವತ್ತು ದಾಟಿದ ನಾನು ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಗೋಡೆಯ ಮೂಲೆಯಲ್ಲಿ ಹಳೆಯ ಟ್ರಂಕಿಗೆ ಮೂತಿಯಿಟ್ಟು ಗುರ್ರೆನ್ನುತ್ತಿದ್ದ ರೈಲು ಇಂಜಿನ್ ಒಂದನ್ನು ಹಿಂಬದಿಯಿಂದ ಹಿಡಿದು ಎಳೆಯಬೇಕಾಯಿತು. ಹೊರಬರುವ ಆತುರದಲ್ಲಿ ತಲೆಯೆತ್ತಿದ್ದೇ ತಡ, ಮಂಚದ ಪಟ್ಟಿ ತಾನಿಲ್ಲಿದ್ದೇನೆಂದು ತಿಳಿಸಿತು. ನನ್ನ ತಂದೆಯವರು ಆಗ ಕೈ ನೀಡಲಿಲ್ಲ, ತಣ್ಣೀರಿನ ಬಟ್ಟೆ ತರಲಿಲ್ಲ, ತಮ್ಮ ರಿಜಿಸ್ಟರನ್ನು ತೆರೆದು, ಕನ್ನಡಕವನ್ನು ಮೂಗಿಗೆ ಏರಿಸಿಕೊಂಡು, "ಇಂಜಿನ್ ಪತ್ತೆಯಾದ ಸಮಯ ಎಷ್ಟು?" ಎಂದು ಕೇಳಿದರು.

ಮೂಲಕ್ಕೆ ಹೋದರೆ ಇದೆಲ್ಲ ಬೆಂಗಳೂರಿನ ಧೂಳು ಮಾಡಿದ ಕೆಲಸ. ನನ್ನ ಬಳಿ 1:87 ಅಳತೆಯ ಒಂದು ಮಾದರಿ ರೈಲಿದೆ. ಅದರ ಇಂಜಿನ್ ಡಬ್ಲ್ಯೂಡಿಎಂ-2. ವಾರಾಣಸಿಯ ಕಾರ್ಖಾನೆಯಿಂದ 1964ರಿಂದಾಚೆಗೆ ದಶಕಗಟ್ಟಲೆ ಹೊರಬಂದ, 2600 ಅಶ್ವಶಕ್ತಿಯ, ನನ್ನ ಪೀಳಿಗೆಯವರಿಗೆ ಡೀಸೆಲ್ ರೈಲು ಎಂದೊಡನೆ ಕಣ್ಣ ಮುಂದೆ ಬರುವ ಅದೇ ಉದ್ದ ಮೂತಿಯ ಇಂಜಿನ್. ನಿಜವಾದದ್ದು 17 ಮೀಟರ್ ಉದ್ದವಿದ್ದರೆ ನನ್ನದು ಒಂದು ಗೇಣಿಗಿಂತ ಕೊಂಚ ಕಡಿಮೆ. ಫ್ಲ್ಯಾಟಿನಲ್ಲಿ ರೈಲಿಗೆಂದು ಪ್ರತ್ಯೇಕ ಕೋಣೆ ಕೊಡುವಷ್ಟು ಶ್ರೀಮಂತಿಕೆ ನಮಗಿಲ್ಲವಾದ್ದರಿಂದ, ಪ್ರತಿ ಭಾನುವಾರ ನಡುಮನೆಯ ನೆಲದ ಮೇಲೆ ಹಳಿಗಳನ್ನು ಜೋಡಿಸುವುದು, ರಾತ್ರಿ ಊಟದ ಹೊತ್ತಿಗೆ ಕಳಚಿ ರಟ್ಟಿನ ಡಬ್ಬಿಗೆ ತುಂಬುವುದು ನಡೆದುಬಂದ ಪದ್ಧತಿ. ಒಂದು ಪಕ್ಕದಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಒಟ್ಟಿ ಏರು ಮಾಡಿದ್ದೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದಲ್ಲಿರುವಂತೆ 50ಕ್ಕೆ 1ರ ಏರು. ಅಂದರೆ ಒಂದು ಮೀಟರಿಗೆ 2 ಸೆಂಟಿಮೀಟರ್. ಆ ಘಟ್ಟದಲ್ಲಿ 57 ಸುರಂಗಗಳಿವೆ. ನಮ್ಮಲ್ಲಿ ಸುರಂಗ ಒಂದೇ, ಅದು ಸೋಫಾ.

ಇಂಥ ರೈಲಿಗೆ ಶಕ್ತಿ ಬರುವುದು ಹಳಿಯಿಂದ. ಒಂದು ಹಳಿ ಧನ, ಇನ್ನೊಂದು ಋಣ, ನಡುವೆ 12 ವೋಲ್ಟ್. ಚಕ್ರವು ಹಳಿಯಿಂದ ಕರೆಂಟನ್ನು ಎತ್ತಿಕೊಂಡು, ತನ್ನ ಬೆನ್ನಿಗೆ ಒತ್ತಿ ನಿಂತಿರುವ ಕೂದಲೆಳೆಯಂಥ ಲೋಹದ ಪಟ್ಟಿಯ ಮೂಲಕ ಮೋಟರಿಗೆ ದಾಟಿಸಬೇಕು. ಪುಸ್ತಕದಲ್ಲಿ ಓದುವಾಗ ಇದು ಬಹಳ ಸೊಗಸಾಗಿ ಕಾಣುತ್ತದೆ; ಪುಸ್ತಕ ಬರೆದವರ ಮನೆಯ ಮುಂದೆ ರಸ್ತೆ ಅಗೆದಿರಲಿಲ್ಲ. ದುಂಡನೆಯ ಚಕ್ರವೂ ಸಪಾಟಾದ ಹಳಿಯೂ ಒಂದನ್ನೊಂದು ಮುಟ್ಟುವ ಜಾಗ ಸಾಸಿವೆಯ ಮೊನೆಯಷ್ಟೂ ಇರುವುದಿಲ್ಲ. ಅಲ್ಲಿ ಧೂಳಿನ ಒಂದು ಕಣ, ಎಣ್ಣೆಯ ಒಂದು ಪೊರೆ, ಒಗ್ಗರಣೆಯ ಹೊಗೆಯ ಒಂದು ಪದರ ಕುಳಿತರೆ ಕಿಡಿ ಹಾರುತ್ತದೆ. ಕಿಡಿ ಹಾರಿದಲ್ಲಿ ಕಪ್ಪು ಕಿಟ್ಟ ಕಟ್ಟುತ್ತದೆ. ಕಿಟ್ಟ ಕಟ್ಟಿದಲ್ಲಿ ಇನ್ನಷ್ಟು ಕಿಡಿ ಹಾರುತ್ತದೆ. ಹಳಿಯ ಲೋಹಕ್ಕೆ ನಿಕಲ್ ಸಿಲ್ವರ್ ಎಂಬ ಹೆಸರಿದ್ದರೂ ಅದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು. ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ನನ್ನ ಗಂಡ ಒಂದು ವರ್ಷದ ಕಾಲ ನೆಂಟರಿಗೆಲ್ಲ "ನಮ್ಮ ಮನೆಯಲ್ಲಿ ರೈಲು ಓಡುವುದು ಬೆಳ್ಳಿಯ ಹಳಿಯ ಮೇಲೆ" ಎಂದು ಹೇಳಿಕೊಂಡು ಬಂದವರು, ನಿಜ ತಿಳಿದ ದಿನ ಮೌನವಾದರು. ಬೆಲೆ ಮಾತ್ರ ಬೆಳ್ಳಿಯದೇ ಆಗಿತ್ತು.

ಹೀಗಾಗಿ ಪ್ರತಿ ಭಾನುವಾರ ಬೆಳಿಗ್ಗೆ, ಲೋಕದ ಜನರೆಲ್ಲ ದೋಸೆ ತಿನ್ನುವ ಹೊತ್ತಿನಲ್ಲಿ, ಹಳೆಯ ಬನಿಯನ್ನಿನ ತುಂಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿಕೊಂಡು 11 ಮೀಟರ್ ಹಳಿಯನ್ನು ಗೇಣು ಗೇಣಾಗಿ ಒರೆಸುವುದು ನನ್ನ ಪಾಲಿಗೆ ಬಂದ ನಿತ್ಯಕರ್ಮ. ಬಾಗಿಲು ತೆರೆದಿದ್ದರೆ ಆ ವಾಸನೆ ಎದುರು ಮನೆಯವರೆಗೂ ಹೋಗುತ್ತದೆ. ಅಲ್ಲಿನ ಹಿರಿಯರು ನನ್ನ ಗಂಡನನ್ನು ಲಿಫ್ಟಿನಲ್ಲಿ ಕಂಡಾಗಲೆಲ್ಲ ಕನಿಕರದಿಂದ ನೋಡುವುದನ್ನು ನಾವಿಬ್ಬರೂ ತಿದ್ದಲು ಹೋಗಿಲ್ಲ. ಇಷ್ಟು ಒರೆಸಿದ ಮೇಲೂ ರೈಲು ಎರಡು ಸುತ್ತು ಬಂದು, ಮೂರನೆಯ ಸುತ್ತಿನಲ್ಲಿ, ಅದೂ ಯಾರಾದರೂ ನೋಡುತ್ತಿದ್ದರೆ ಖಂಡಿತವಾಗಿ, ಒಮ್ಮೆ ತೊದಲಿ, ದೀಪ ಮಿಣುಕಿಸಿ, ನಿಂತುಬಿಡುತ್ತದೆ.

ನಿಂತ ಮಾದರಿ ರೈಲನ್ನು ಹೊರಡಿಸಲು ಜಗತ್ತಿನಾದ್ಯಂತ ಇರುವ ಉಪಾಯ ಒಂದೇ: ಹಿಂದಿನಿಂದ ಬೆರಳಿನಿಂದ ನೂಕುವುದು. ಚಕ್ರ ಒಂದು ಕೂದಲೆಳೆಯಷ್ಟು ಮುಂದೆ ಸರಿದರೆ ಕರೆಂಟು ಮತ್ತೆ ಸಿಕ್ಕಿ ಓಡತೊಡಗುತ್ತದೆ. ನಮ್ಮ ಮನೆಯಲ್ಲಿ ಈ ಬೆರಳು ನನ್ನ ಅಪ್ಪನದು. ಅವರು ಅದನ್ನು ಬೆರಳು ಎಂದು ಕರೆಯುವುದಿಲ್ಲ, ಬ್ಯಾಂಕರ್ ಎನ್ನುತ್ತಾರೆ. ಕ್ಯಾಸಲ್‌ರಾಕ್‌ನ ಘಟ್ಟದಲ್ಲಿ ಏರು 37ಕ್ಕೆ 1 ಇರುವುದರಿಂದ ಗಾಡಿಯ ಹಿಂದಿನಿಂದ ನೂಕಲು ಬೇರೆ ಇಂಜಿನ್‌ಗಳನ್ನು ಜೋಡಿಸುತ್ತಾರೆ. ಆ ನೂಕುವ ಇಂಜಿನ್ನಿಗೆ ಬ್ಯಾಂಕರ್ ಎಂದು ಹೆಸರು. ರೈಲು ನಿಂತೊಡನೆ ಅಪ್ಪ ಕುರ್ಚಿಯಿಂದ ಏಳುತ್ತಾರೆ, ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಬಗ್ಗುತ್ತಾರೆ, ತೋರುಬೆರಳನ್ನು ಕೊನೆಯ ಬೋಗಿಯ ಬೆನ್ನಿಗೆ ಇಟ್ಟು, "ಬ್ಯಾಂಕರ್ ಹತ್ತಿತು" ಎಂದು ಘೋಷಿಸಿ, ನೂಕಿ, ಮತ್ತೆ ಕುರ್ಚಿಗೆ ಮರಳಿ, ರಿಜಿಸ್ಟರ್ ತೆರೆಯುತ್ತಾರೆ.

ಈ ರಿಜಿಸ್ಟರಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದ ಸ್ಟೇಷನ್ ಮಾಸ್ಟರ್. ಬೀರೂರಿನಿಂದ ಚಿಕ್ಕಜಾಜೂರಿನವರೆಗಿನ ಸಣ್ಣ ಸ್ಟೇಷನ್ನುಗಳಲ್ಲಿ ಬಹುಕಾಲ ದುಡಿದವರು. ಆ ದಿನಗಳಲ್ಲಿ ಅವರ ಸ್ಟೇಷನ್ನಿನ ಎಲ್ಲೆಯೊಳಗೆ ಗಾಡಿಯೊಂದು ಎರಡು ನಿಮಿಷ ಹೆಚ್ಚು ನಿಂತರೂ ಏಕೆಂದು ಕಂಟ್ರೋಲಿಗೆ ಉತ್ತರ ಹೇಳಬೇಕಾಗಿತ್ತು. ನಿವೃತ್ತರಾಗಿ ಇಷ್ಟು ವರ್ಷಗಳಾದರೂ, ಕಾರಣ ಬರೆಯದೆ ಗಾಡಿ ನಿಲ್ಲುವುದನ್ನು ಅವರ ಮನಸ್ಸು ಒಪ್ಪುವುದಿಲ್ಲ. ಬ್ಯಾಂಕಿನವರು ಕೊಟ್ಟ ಹಳೆಯ ಡೈರಿಯೊಂದರಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಹೊರಟ ಸಮಯ, ನಿಂತ ಸಮಯ, ಡಿಟೆನ್ಷನ್ ಎಷ್ಟು ನಿಮಿಷ, ಕಾರಣ ಎಂದು ಕಲಂಗಳನ್ನು ಮಾಡಿದ್ದಾರೆ. ನಮ್ಮ ಪ್ಯಾಸೆಂಜರ್ ಗಾಡಿ ಅವರ ವೇಳಾಪಟ್ಟಿಯ ಪ್ರಕಾರ ಸಂಜೆ 16.10ಕ್ಕೆ ಹೊರಡಬೇಕು. ನಡುಮನೆಯ ಗೋಡೆ ಗಡಿಯಾರವೇ ಸ್ಟೇಷನ್ನಿನ ಗಡಿಯಾರ. ಮೊಬೈಲಿನ ಸಮಯ ಅವರಿಗೆ ಸಾಕ್ಷ್ಯವಲ್ಲ.

ಕಾರಣದ ಕಲಂ ಒಂದು ಸಾಹಿತ್ಯ ಪ್ರಕಾರವಾಗಿ ಬೆಳೆದಿದೆ. ಅದರಲ್ಲಿ ಎಲ್ಲವನ್ನೂ 87ರಿಂದ ಗುಣಿಸಿ ಬರೆಯಬೇಕೆಂಬುದು ಅಪ್ಪನ ನಿಯಮ, ಏಕೆಂದರೆ ರೈಲಿನ ಲೋಕದಲ್ಲಿ ನಿಂತು ನೋಡಿದರೆ ವಸ್ತುಗಳ ಗಾತ್ರ ಹಾಗೆಯೇ ಕಾಣುತ್ತದೆಯಂತೆ. ಅಡುಗೆಮನೆಯಿಂದ ಸಿಡಿದು ಬಂದ ಸಾಸಿವೆ ಕಾಳೊಂದು ತಿರುವಿನಲ್ಲಿ ಚಕ್ರಕ್ಕೆ ಸಿಕ್ಕಿ ಬೋಗಿ ಹಳಿ ತಪ್ಪಿದ ದಿನ, "ಹಳಿಯ ಮೇಲೆ ಬಂಡೆ ಉರುಳಿದೆ, ಸುಮಾರು 15 ಸೆಂ.ಮೀ., 9 ನಿಮಿಷ" ಎಂಬ ನಮೂದು ಬಿತ್ತು. ಇರುವೆಯೊಂದು ಹಳಿ ದಾಟಿದಾಗ, "ಜಾನುವಾರು ಅಡ್ಡ, ಕರುವಿನ ಗಾತ್ರ, ಮಾಲೀಕರು ಪತ್ತೆಯಿಲ್ಲ". ನನ್ನ ತಲೆಗೂದಲೊಂದು ಅಚ್ಚಿಗೆ ಸುತ್ತಿಕೊಂಡು ಇಂಜಿನ್ ನಿಂತಾಗ, "ಚಕ್ರಕ್ಕೆ ಹಗ್ಗ ಸಿಕ್ಕಿಕೊಂಡಿದೆ, ಉದ್ದ 40 ಮೀ., ಕಿಡಿಗೇಡಿಗಳ ಕೃತ್ಯವೆಂದು ಶಂಕೆ". ನಾನು ಆ ಶಂಕೆಗೆ ಆಕ್ಷೇಪ ಸಲ್ಲಿಸಿದೆ, ಅದನ್ನೂ ದಾಖಲಿಸಿದರು. ಧೂಳಿನಿಂದ ನಿಂತಾಗ ಮಾತ್ರ ಅವರಿಗೆ ಬರೆಯಲು ಏನೂ ತೋಚುತ್ತಿರಲಿಲ್ಲ, ಏಕೆಂದರೆ ನಿಜವಾದ ರೈಲು ಎಂದೂ ಧೂಳಿಗೆ ನಿಂತದ್ದಿಲ್ಲ. ಒಂದು ಭಾನುವಾರ ಹದಿನಾಲ್ಕನೆಯ ಸಲ ಬ್ಯಾಂಕರ್ ಹತ್ತಿಸಿ ಬಂದವರು ಪೆನ್ನಿನ ಟೋಪಿ ಮುಚ್ಚಿ ಕೇಳಿದರು: "ಇದು ಡೀಸೆಲ್ ಇಂಜಿನ್ ತಾನೇ? ಡೀಸೆಲ್ ಇಂಜಿನ್ನಿಗೆ ಹಳಿಯಿಂದ ಕರೆಂಟು ಏಕೆ ಬೇಕು?"

ಅವರು ಅಷ್ಟಕ್ಕೇ ಬಿಡಲಿಲ್ಲ. ಹಳಿಗಳ ನಡುವಿನ ಅಂತರವನ್ನು ಅಳೆದರು: 16.5 ಮಿಲಿಮೀಟರ್. ಬ್ರಾಡ್ ಗೇಜ್ 1676 ಮಿಲಿಮೀಟರ್ ಆದ್ದರಿಂದ, 87ರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೂ ಮೇಲೆ ಬರಬೇಕು. ಹದಿನಾರೂವರೆಯನ್ನು ಗುಣಿಸಿದರೆ ಬರುವುದು 1435. "ಇದು ನಮ್ಮ ಮೆಟ್ರೋದ ಗೇಜು. ಕರೆಂಟು ಕೆಳಗಿನಿಂದ ತೆಗೆದುಕೊಳ್ಳುವುದೂ ಮೆಟ್ರೋದ ಹಾಗೆಯೇ, ಅಲ್ಲಿ ಮೂರನೆಯ ಹಳಿಯಲ್ಲಿ 750 ವೋಲ್ಟ್ ಇದೆ. ನೀನು ಮೆಟ್ರೋಗೆ ಡೀಸೆಲ್ ಇಂಜಿನ್ನಿನ ಅಂಗಿ ತೊಡಿಸಿದ್ದೀಯೆ." ಗೇಜನ್ನು ನಾನು ಏನೂ ಮಾಡುವಂತಿರಲಿಲ್ಲ, 1:87ರ ಮಾದರಿ ಹಳಿಗಳು ಸಾಮಾನ್ಯವಾಗಿ ಆ ಅಳತೆಗೇ ತಯಾರಾಗುವಂಥವು. ಕರೆಂಟಿನ ಮಾತು ಮಾತ್ರ ಚುಚ್ಚಿತು. ಉಗಿ ಇಂಜಿನ್ ತನ್ನ ಕಲ್ಲಿದ್ದಲನ್ನು ತಾನೇ ಹೊರುತ್ತಿತ್ತು, ಡೀಸೆಲ್ ಇಂಜಿನ್ ತನ್ನ ಡೀಸೆಲ್ಲನ್ನು ತಾನೇ ಹೊರುತ್ತದೆ. ನನ್ನದೂ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೋಗಲಿ ಎಂದು ಅಂದೇ ನಿಶ್ಚಯಿಸಿದೆ. ಹೊಟ್ಟೆಯಲ್ಲಿ ಬ್ಯಾಟರಿ ಇದ್ದರೆ ಹಳಿ ಕೊಳೆಯಾಗಿದ್ದರೇನು, ತುಕ್ಕು ಹಿಡಿದಿದ್ದರೇನು, ಹಳಿಯೇ ಪ್ಲಾಸ್ಟಿಕ್ಕಿನದಾಗಿದ್ದರೇನು? ಬನಿಯನ್ನಿನ ತುಂಡಿಗೂ ನನಗೂ ಋಣ ತೀರಿತು ಎಂದುಕೊಂಡೆ.

ಸಾಮಾನು ತರಲು ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಬಿಡಿಭಾಗ ಬೇಕಾದವರೆಲ್ಲ ಕೊನೆಗೆ ಬಂದು ಸೇರುವ ಆ ರಸ್ತೆಯಲ್ಲಿ ಸಿಗದ ವಸ್ತುವಿಲ್ಲ; ನಿಲ್ಲಲು ಜಾಗ ಮಾತ್ರ ಸಿಗುವುದಿಲ್ಲ. ಮೊದಲನೆಯ ಅಂಗಡಿಯಾತ ನನ್ನ ಚೀಟಿಯನ್ನು ನೋಡಿ, "ಮಗನ ಪ್ರಾಜೆಕ್ಟಾ ಮೇಡಂ?" ಎಂದ. ಅಲ್ಲವೆಂದೆ. ಎರಡನೆಯ ಅಂಗಡಿಯಾತ, "ಮಗಳ ಪ್ರಾಜೆಕ್ಟಾ?" ಎಂದ, ಕಾಲ ಸುಧಾರಿಸುತ್ತಿದೆ ಎನ್ನಿಸಿತು. ಮೂರನೆಯ ಅಂಗಡಿಯಲ್ಲಿ ನಾನೇ ಮುಂಚಿತವಾಗಿ, "ಇದು ನನಗೇ, ನನ್ನ ರೈಲಿಗೆ" ಎಂದು ಹೇಳಿದೆ. ಆತ ಒಂದು ಕ್ಷಣ ನನ್ನನ್ನು ನೋಡಿ, ಬಹಳ ಮೃದುವಾಗಿ, "ಮನೆಯವರು ಯಾರಾದರೂ ಜೊತೆಗೆ ಬಂದಿದ್ದಾರಾ?" ಎಂದು ವಿಚಾರಿಸಿದ.

ಇಂಜಿನ್ನಿನ ಮೇಲ್ಹೊದಿಕೆಯನ್ನು ತೆಗೆದಾಗ ಒಳಗೆ ಬೆಂಗಳೂರಿನ ಬಾಡಿಗೆ ಮನೆಯಷ್ಟೇ ಜಾಗವಿತ್ತು. ನಡುವೆ ಮೋಟರ್, ಎರಡು ಕಡೆ ಗೇರುಗಳಿಗೆ ಹೋಗುವ ದಂಡ, ಉಳಿದೆಡೆಯೆಲ್ಲ ಭಾರಕ್ಕೆಂದು ತುಂಬಿದ ಲೋಹದ ದಿಮ್ಮಿ. ಟಾರ್ಚುಗಳಲ್ಲಿ ಬರುವ 18650 ಎಂಬ ಲಿಥಿಯಂ ಸೆಲ್ ಒಂದನ್ನು ಹಾಕೋಣವೆಂದರೆ ಅದರ ಹೆಸರೇ ಅದರ ಅಳತೆ: ದಪ್ಪ 18 ಮಿಲಿಮೀಟರ್, ಉದ್ದ 65. ಅದು ಮೋಟರಿನ ತಲೆಯ ಮೇಲೆ ಕುಳಿತರೆ ಮುಚ್ಚಳ ಕೂರುವುದಿಲ್ಲ. ಕೊನೆಗೆ ಬಿಸ್ಕತ್ತಿನಂತೆ ಚಪ್ಪಟೆಯಾದ ಎರಡು ಲಿಥಿಯಂ ಪಾಲಿಮರ್ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದೆ. ತಲಾ 3.7ರಂತೆ 7.4 ವೋಲ್ಟ್. ಹನ್ನೆರಡು ವೋಲ್ಟಿನ ಮೋಟರಿಗೆ ಇದು ಕಡಿಮೆಯಾದರೂ, ಪ್ಯಾಸೆಂಜರ್ ಗಾಡಿಗೆ ಆತುರವೇನು? ಸೆಲ್ಲಿಗೆ ಜಾಗ ಮಾಡಲು ಲೋಹದ ದಿಮ್ಮಿಯನ್ನು ಕಿತ್ತು ಬದಿಗಿಟ್ಟಾಗ ಅಪ್ಪ ಹೌಹಾರಿದರು. ಭಾರವಿಲ್ಲದ ಇಂಜಿನ್ ಹಳಿಯನ್ನು ಕಚ್ಚುವುದಿಲ್ಲ. ಚಕ್ರ ನಿಂತಲ್ಲೇ ಜಾರುತ್ತದೆ. ನಾನು ಲೆಕ್ಕ ಹಾಕಿ ತೋರಿಸಿದೆ: ನಿಜವಾದ ಡಬ್ಲ್ಯೂಡಿಎಂ-2ರ ತೂಕ 112.8 ಟನ್, ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕಿರಿದಾದ್ದರಿಂದ 87ನ್ನು ಮೂರು ಸಲ ಗುಣಿಸಿ ಭಾಗಿಸಬೇಕು, ಆಗ ಬರುವುದು ಬರೀ 171 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ನಮ್ಮ ಇಂಜಿನ್ ಬಡಕಲಾದ ಮೇಲೂ ಅದಕ್ಕಿಂತ ಹೆಚ್ಚೇ ಇತ್ತು. ಅಪ್ಪ ಲೆಕ್ಕವನ್ನು ಎರಡು ಸಲ ಪರಿಶೀಲಿಸಿ ಸರಿಯಿದೆಯೆಂದು ಒಪ್ಪಿದರು. ಇಂಜಿನ್ ಒಪ್ಪಲಿಲ್ಲ. ಟೆಲಿಫೋನ್ ಡೈರೆಕ್ಟರಿಗಳ ಘಟ್ಟದ ಬುಡದಲ್ಲಿ ನಿಂತು, ಹೊಸ ಚಪ್ಪಲಿಯವರು ಮಾರ್ಬಲ್ ಮೆಟ್ಟಿಲಿನಲ್ಲಿ ಜಾರುವಂತೆ ಜಾರಿತು. ಆಮೇಲೆ ನಾನು ಹಳೆಯ ಕಾಲದ ದಪ್ಪ ಐದು ರೂಪಾಯಿ ನಾಣ್ಯಗಳನ್ನು, ತಲಾ 9 ಗ್ರಾಂ ತೂಗುವಂಥವನ್ನು, ಬ್ಯಾಟರಿಗೆ ತಾಗದಂತೆ ಟೇಪು ಸುತ್ತಿ, ಸಂದುಗೊಂದುಗಳಲ್ಲಿ ತುರುಕಿ ಘಟ್ಟ ಹತ್ತಿಸಿದೆ. ನಮ್ಮ ಮನೆಯಲ್ಲಿ ಈಗ ಹಣ ನಿಜಕ್ಕೂ ದುಡಿಯುತ್ತಿದೆ.

ಮೊದಲ ದಿನ ಒಂದು ತಪ್ಪು ನಡೆಯಿತು. ಚಕ್ರದಿಂದ ಮೋಟರಿಗೆ ಬರುವ ಹಳೆಯ ತಂತಿಗಳನ್ನು ಕತ್ತರಿಸಲೇಬೇಕು, ಇಲ್ಲದಿದ್ದರೆ ಬ್ಯಾಟರಿಯ ಶಕ್ತಿ ಚಕ್ರದ ಮೂಲಕ ಹಳಿಗೇ ಹರಿಯುತ್ತದೆ; ನಾನು ಮರೆತಿದ್ದೆ. ಇಂಜಿನ್ ಹೊರಟೊಡನೆ, ಹಳಿಯಿಂದ ಕರೆಂಟು ಪಡೆಯುತ್ತಿದ್ದ ಕೊನೆಯ ಬೋಗಿಯ ಪುಟ್ಟ ದೀಪ ತಾನಾಗಿ ಹೊತ್ತಿಕೊಂಡಿತು. ಅಪ್ಪನಿಗೆ ಎಲ್ಲಿಲ್ಲದ ಸಂತೋಷ. ಹೊಸ ವಿದ್ಯುತ್ ಇಂಜಿನ್‌ಗಳು ಬ್ರೇಕ್ ಹಾಕುವಾಗ ತಂತಿಗೆ ಕರೆಂಟನ್ನು ಮರಳಿಸುತ್ತವೆಂದು ಅವರು ಕೇಳಿದ್ದರು. ಮಗಳು ಮನೆಯಲ್ಲೇ ಅದನ್ನು ಸಾಧಿಸಿದಳೆಂದು ದಾಖಲಿಸಿಯೂ ಬಿಟ್ಟರು. ನಾನು ತಂತಿ ಕತ್ತರಿಸಿದೆ. ಅವರು ಆ ನಮೂದನ್ನು ಹೊಡೆದುಹಾಕಲಿಲ್ಲ.

ಚಾರ್ಜ್ ಮಾಡುವುದು ಇನ್ನೊಂದು ವ್ರತ. ಲಿಥಿಯಂ ಸೆಲ್ಲು 4.2 ವೋಲ್ಟಿಗಿಂತ ಮೇಲೇರಬಾರದು, 3ಕ್ಕಿಂತ ಕೆಳಗಿಳಿಯಬಾರದು, ಪಕ್ಕದ ಸೆಲ್ಲಿಗಿಂತ ಹಿಂದೆ ಬೀಳಬಾರದು, ಉಬ್ಬಬಾರದು. ಇಷ್ಟು ಮರ್ಯಾದೆಯನ್ನು ನಮ್ಮ ಮನೆಯಲ್ಲಿ ಅಳಿಯಂದಿರಿಗೂ ಮಾಡಿದ್ದಿಲ್ಲ. ಅಪ್ಪಿತಪ್ಪಿ ಬೆಂಕಿ ಹತ್ತಿದರೂ ಹರಡದಿರಲಿ ಎಂದು ಮಣ್ಣಿನ ಮಡಕೆಯೊಂದರಲ್ಲಿಟ್ಟು ಚಾರ್ಜ್ ಮಾಡುವ ಅಭ್ಯಾಸ ಇಟ್ಟುಕೊಂಡೆ. ಅದು ಮೊಸರಿನ ಮಡಕೆಯಾಗಿತ್ತು. ಒಂದು ಮಧ್ಯಾಹ್ನ ಮುಚ್ಚಳ ತೆಗೆದು ಸೌಟು ಇಳಿಸಿದ ನನ್ನ ಗಂಡ, ಕೆಂಪು ದೀಪವೊಂದು ತನ್ನನ್ನೇ ದಿಟ್ಟಿಸುತ್ತಿರುವುದನ್ನು ಕಂಡು, ಅಂದಿನಿಂದ ಮಜ್ಜಿಗೆಗೆ ಬದಲಾಗಿದ್ದಾರೆ.

ಇಷ್ಟೆಲ್ಲ ಆದ ಮೇಲೆ ರೈಲು ಓಡಿತು. ನಿಜಕ್ಕೂ ಓಡಿತು. ಕೊಳೆ ಹಳಿಯ ಮೇಲೆ, ಧೂಳಿನ ಮೇಲೆ, ಜೋಡಣೆ ಸಡಿಲವಾಗಿದ್ದ ಕಡೆಯೂ, ಒಮ್ಮೆಯೂ ತೊದಲದೆ, ದೀಪ ಮಿಣುಕದೆ, ಎಳನೀರು ಇಳಿದಂತೆ ಓಡಿತು. ನಾನು ಮೂರು ಭಾನುವಾರ ದೋಸೆಯನ್ನು ಬಿಸಿಯಾಗಿ ತಿಂದೆ. ಮೂರನೆಯ ಭಾನುವಾರವೇ ನನಗೆ ಕಂಡದ್ದು: ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತು, ತೋರುಬೆರಳನ್ನು ಮಂಡಿಯ ಮೇಲೆ ಇಟ್ಟುಕೊಂಡು, ಸುತ್ತುತ್ತಲೇ ಇದ್ದ ಗಾಡಿಯನ್ನು ನೋಡುತ್ತಿದ್ದರು. ರಿಜಿಸ್ಟರಿನಲ್ಲಿ ಮೂರು ವಾರದಿಂದ "ಡಿಟೆನ್ಷನ್ ಇಲ್ಲ" ಎಂಬ ಒಂದೇ ಸಾಲು. ಕಾರಣದ ಕಲಂ ಖಾಲಿ. ಅರ್ಧ ಗಂಟೆಯಾದ ಮೇಲೆ ಅವರು ಎದ್ದು, "ಓಡುತ್ತಿದೆಯಲ್ಲ, ಓಡಲಿ" ಎಂದು ಹೇಳಿ ಟಿವಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡರು.

ನನಗೆ ಹೊಸದುರ್ಗ ರೋಡ್ ನೆನಪಾಯಿತು. ಹೆಸರಿನ ಬಾಲದಲ್ಲಿ 'ರೋಡ್' ಇದ್ದರೆ ಊರು ಅಲ್ಲಿಲ್ಲವೆಂದು ರೈಲ್ವೆಯವರು ಸೌಜನ್ಯದಿಂದ ತಿಳಿಸುತ್ತಾರೆ. ಹೊಸದುರ್ಗ ಹಲವು ಕಿಲೋಮೀಟರ್ ಆಚೆಗಿತ್ತು, ಸ್ಟೇಷನ್ನಿನ ಬಳಿ ಇದ್ದದ್ದು ನಾವು, ನಾಲ್ಕು ಕ್ವಾರ್ಟರ್ಸು ಮತ್ತು ಗಾಳಿ. ರಾತ್ರಿ ನಿಲ್ಲದೆ ಹಾದುಹೋಗುವ ಗಾಡಿ ಬರುವ ಹೊತ್ತಿಗೆ ಅಪ್ಪ ಪ್ಲಾಟ್‌ಫಾರಂ ಅಂಚಿನಲ್ಲಿ ನಿಲ್ಲುತ್ತಿದ್ದರು. ಒಂದು ಕೈಯಲ್ಲಿ ಹಸಿರು ಲಾಂದ್ರ, ಇನ್ನೊಂದರಲ್ಲಿ ಬೆತ್ತದ ದೊಡ್ಡ ಬಳೆ. ಬಳೆಗೆ ಕಟ್ಟಿದ ಚರ್ಮದ ಚೀಲದೊಳಗೆ ಉಕ್ಕಿನ ಗುಂಡು. ಆ ಟೋಕನ್ ಕೈಗೆ ಬಾರದೆ ಯಾವ ಡ್ರೈವರನೂ ಮುಂದಿನ ಸ್ಟೇಷನ್ನಿನ ಕಡೆಗೆ ಒಂದು ಹೆಜ್ಜೆ ಹೋಗುವಂತಿರಲಿಲ್ಲ. ಇಂಜಿನ್ನಿನ ಕತ್ತಲೆಯಿಂದ ಒಂದು ತೋಳು ಹೊರಬಂದು ಬಳೆಯನ್ನು ಕೊಕ್ಕೆಯಂತೆ ಕಸಿದುಕೊಳ್ಳುತ್ತಿತ್ತು, ಹಿಂದಿನ ಸ್ಟೇಷನ್ನಿನ ಬಳೆ ಜಲ್ಲಿಯ ಮೇಲೆ ಬಂದು ಬೀಳುತ್ತಿತ್ತು. ಅಪ್ಪ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಗುಂಡನ್ನು ಯಂತ್ರಕ್ಕೆ ಹಾಕಿದಾಗ ಗಂಟೆ ಬಾರಿಸುತ್ತಿತ್ತು. ಆ ಗಂಟೆಯ ಸದ್ದು ಕೇಳಿದ ಮೇಲೆಯೇ ಅಮ್ಮ ಮಗ್ಗುಲು ಬದಲಾಯಿಸುತ್ತಿದ್ದುದು.

ಈಗ ಸೆಲ್ಲಿನ ವಿಷಯಕ್ಕೆ ಬರಬೇಕು. ಬ್ಯಾಟರಿಯ ಇಂಜಿನ್ನನ್ನು ನಡೆಸಲು ಕೈಯಲ್ಲೊಂದು ರಿಮೋಟ್ ಬೇಕು, ಅದಕ್ಕೆ ಎರಡು ಪೆನ್ಸಿಲ್ ಸೆಲ್. ಟಿವಿಯ ರಿಮೋಟಿಗೆ ಎರಡು. ಗೋಡೆ ಗಡಿಯಾರಕ್ಕೆ ಒಂದು. ಒಟ್ಟು ಐದು ಬೇಕು. ಯಾವುದೇ ಸಂಸಾರದಲ್ಲಿರುವಂತೆ ನಮ್ಮಲ್ಲಿಯೂ ಜೀವವಿರುವ ಸೆಲ್ಲುಗಳು ಮೂರೇ. ಉಳಿದೆರಡು, ರಿಮೋಟಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟರೆ, ಸೆಲ್ಲನ್ನು ಹೊರಳಿಸಿದರೆ, ಹಲ್ಲಿನಿಂದ ಕಚ್ಚಿದರೆ, ಬಿಸಿಲಿನಲ್ಲಿಟ್ಟರೆ ಐದು ನಿಮಿಷ ಎದ್ದು ಕೂರುವ ಜಾತಿಯವು. ಅಂಗಡಿಗೆ ದಿನಕ್ಕೆರಡು ಸಲ ಹೋದರೂ ಸೆಲ್ಲು ತರಬೇಕೆಂಬುದು ನೆನಪಾಗುವುದು ಮನೆಗೆ ಬಂದು ಸೋಫಾದಲ್ಲಿ ಕುಳಿತ ಮೇಲೆ. ಶನಿವಾರ ರಾತ್ರಿ ಧಾರಾವಾಹಿಯ ಮುಖ್ಯ ಘಟ್ಟದಲ್ಲಿ ಟಿವಿಯ ರಿಮೋಟ್ ಕೈಕೊಟ್ಟಿತಂತೆ. ಆಗ ಯಾರೋ ರೈಲಿನ ರಿಮೋಟಿನ ಗಟ್ಟಿ ಸೆಲ್ಲುಗಳನ್ನು ಟಿವಿಗೂ, ಟಿವಿಯ ಮುದಿ ಸೆಲ್ಲುಗಳನ್ನು ರೈಲಿಗೂ ವರ್ಗ ಮಾಡಿದ್ದಾರೆ. ಆ 'ಯಾರೋ' ಯಾರೆಂದು ಈ ಮನೆಯಲ್ಲಿ ಇಂದಿನವರೆಗೆ ಅಧಿಕೃತವಾಗಿ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನೂ ನನ್ನ ಗಂಡನೂ ಮದುವೆಯ ಊಟಕ್ಕೆ ಹೋಗಿದ್ದೆವು.

ಭಾನುವಾರ 16.10ಕ್ಕೆ ಅತಿಥಿಗಳ ಮುಂದೆ ಗಾಡಿ ಹೊರಟಿತು. ಒಂದು ಸುತ್ತು, ಎರಡು ಸುತ್ತು. ಅತಿಥಿಗಳ ಮಗುವೊಂದು "ಇನ್ನೂ ಜೋರಾಗಿ" ಎಂದಿತು; ನಾನು ವೇಗದ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಅದೇ ಕ್ಷಣದಲ್ಲಿ ನನ್ನ ಕೈಯಲ್ಲಿದ್ದ ರಿಮೋಟಿನ ದೀಪ ಆರಿತು. ಇಂಥ ಅಗ್ಗದ ರಿಸೀವರುಗಳಿಗೆ ಒಂದು ಗುಣವಿದೆ: ಸಂಕೇತ ಬರುವುದು ನಿಂತರೆ ಕೊನೆಯದಾಗಿ ಬಂದ ಆಜ್ಞೆಯನ್ನೇ ಶಿರಸಾವಹಿಸಿ ಪಾಲಿಸುತ್ತಿರುತ್ತವೆ, ವರ್ಗವಾಗಿ ಹೋದ ಸಾಹೇಬರ ಆದೇಶವನ್ನು ಹಿಡಿದು ಕುಳಿತ ಗುಮಾಸ್ತರಂತೆ. ಇಂಜಿನ್ ಪೂರ್ಣ ವೇಗದಲ್ಲಿ ಘಟ್ಟ ಇಳಿದು, ತಿರುವಿನಲ್ಲಿ ಬೋಗಿಗಳನ್ನು ಮಗುಚಿ, ತಾನು ಮಾತ್ರ ನೆಟ್ಟಗೆ ನೆಲಕ್ಕೆ ಇಳಿಯಿತು. ಹಳಿಯಿಂದ ಕರೆಂಟು ಪಡೆಯುವ ಇಂಜಿನ್ ಹಳಿ ತಪ್ಪಿದರೆ ಅಲ್ಲೇ ಸಾಯುತ್ತದೆ. ಹದಿನೈದು ವರ್ಷ ನನ್ನನ್ನು ಗೋಳಾಡಿಸಿದ ಆ ದೌರ್ಬಲ್ಯದಲ್ಲಿ ಎಂಥ ಸದ್ಗುಣವಿತ್ತೆಂದು ನನಗೆ ಅರ್ಥವಾದದ್ದು, ಡಬ್ಲ್ಯೂಡಿಎಂ-2 ನುಣುಪಾದ ಟೈಲ್ಸಿನ ಮೇಲೆ, ಹಳಿಯ ಅಗತ್ಯ ತನಗೆಂದೂ ಇರಲಿಲ್ಲವೆಂಬಂತೆ, ಅತಿಥಿಗಳ ಕಾಲುಗಳ ನಡುವಿನಿಂದ ಹಾದು ಮಲಗುವ ಕೋಣೆಯ ಕಡೆಗೆ ಹೊರಟಾಗ.

ಹಳೆಯ ಅಭ್ಯಾಸ ದೊಡ್ಡದು. ನನ್ನ ಕೈ ತಾನಾಗಿ ಗೋಡೆಯ ಸ್ವಿಚ್ ಬೋರ್ಡಿಗೆ ಹಾರಿ, ಮೊದಲಿನಂತೆ, ಕೆಳಗಿನ ಸಾಲಿನ ಸ್ವಿಚ್ಚುಗಳನ್ನೆಲ್ಲ ಆರಿಸಿತು. ಫ್ಯಾನು ನಿಂತಿತು. ಟಿವಿ ನಿಂತಿತು. ಅಡುಗೆಮನೆಯಲ್ಲಿ ಮಿಕ್ಸಿ ನಿಂತು, "ಕರೆಂಟು ಹೋಯಿತೇ?" ಎಂಬ ಗಂಡನ ದನಿ ಕೇಳಿತು. ಇಡೀ ಮನೆಯಲ್ಲಿ ಓಡುತ್ತಿದ್ದದ್ದು ಅದೊಂದೇ. ಅಪ್ಪ ಎದ್ದರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಅವರು ಎದ್ದದ್ದನ್ನು ನಾನು ಈಚೆಗೆ ನೋಡಿಲ್ಲ. ಬಲಗಾಲಿನ ಹವಾಯಿ ಚಪ್ಪಲಿಯನ್ನು ಕಳಚಿ, ಓಡಿಹೋಗುವ ಗಾಡಿಗೆ ಮರಳಿನ ದಿಬ್ಬ ಒಡ್ಡುವಂತೆ ಅದರ ದಾರಿಗೆ ಅಡ್ಡ ಇಟ್ಟರು. ಇಂಜಿನ್ ಚಪ್ಪಲಿಯ ಅಂಚು ಸವರಿ ದಿಕ್ಕು ಬದಲಿಸಿತು. ಬ್ಯಾಂಕರ್ ಬೆರಳನ್ನು ಮುಂದೆ ಚಾಚಿದರು, ತಪ್ಪಿತು. ಮಲಗುವ ಕೋಣೆಗೆ ಹೊಸಿಲೊಂದು ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಫ್ಲ್ಯಾಟು ಕಟ್ಟಿದ ಪುಣ್ಯಾತ್ಮರು ಹೊಸಿಲು ಇಟ್ಟಿಲ್ಲ. ಹೊಸಿಲಿಲ್ಲದ ಕೋಣೆಯಿಂದ ಏನು ಹೊರಹೋಗುತ್ತದೋ ಏನು ಒಳಬರುತ್ತದೋ ಹೇಳಲಾಗದೆಂದು ಅಪ್ಪ ಗೃಹಪ್ರವೇಶದ ದಿನವೇ ಎಚ್ಚರಿಸಿದ್ದರು. ಇಂಜಿನ್ ತಲೆದೀಪ ಬೆಳಗಿಸಿಕೊಂಡು ಮಂಚದ ಕೆಳಗಿನ ಕತ್ತಲೆಯನ್ನು ಹೊಕ್ಕಿತು. ಒಂದು ಕ್ಷಣ, ಆ ದೀಪ ಧೂಳಿನ ಉಂಡೆಗಳ ನಡುವೆ ದೂರವಾಗುತ್ತಾ ಹೋದದ್ದು, ಬಹಳ ಹಿಂದೆ ಕಂಡದ್ದರಂತೆಯೇ ಇತ್ತು. ಆಮೇಲೆ ಟ್ರಂಕಿಗೆ ಡಿಕ್ಕಿ ಹೊಡೆದ ಸದ್ದು ಕೇಳಿತು.

ಅಪ್ಪನ ವರದಿ ಎರಡು ಪುಟ ತುಂಬಿದೆ. ಮೂರು ವಾರಗಳ ಖಾಲಿ ಕಲಮಿನ ಬಾಕಿಯನ್ನು ಅದು ತೀರಿಸಿದೆ. 16.13ಕ್ಕೆ ಇಂಜಿನ್ ಬೋಗಿಗಳನ್ನು ಸೆಕ್ಷನ್ನಿನಲ್ಲಿ ಬಿಟ್ಟು, ಲೈನ್ ಕ್ಲಿಯರ್, ಅಂದರೆ ಮುಂದಿನ ದಾರಿಗೆ ಅನುಮತಿ, ಇಲ್ಲದೆ ಮಲಗುವ ಕೋಣೆಯನ್ನು ಪ್ರವೇಶಿಸಿತು. 4 ಮೀಟರ್ ದೂರವನ್ನು 10 ಸೆಕೆಂಡಿನಲ್ಲಿ ಕ್ರಮಿಸಿದ್ದರಿಂದ, 87ರಿಂದ ಗುಣಿಸಿದಾಗ, ವೇಗ ಗಂಟೆಗೆ 125 ಕಿಲೋಮೀಟರ್. ಈ ದರ್ಜೆಯ ಇಂಜಿನ್ನಿಗೆ ಅನುಮತಿ 120. ಪ್ರಯಾಣಿಕರಿಗೆ ಅಪಾಯವಿಲ್ಲ. ಚಾಲಕಿಯ ಹಣೆಗೆ ಸಣ್ಣ ಪೆಟ್ಟು. ಕಾರಣ: ಸಂಪರ್ಕ ಸಾಧನದ ಸೆಲ್ಲುಗಳ ನಿಶ್ಶಕ್ತಿ. ಹೊಣೆಗಾರರು: ವಿಚಾರಣೆ ನಡೆಯುತ್ತಿದೆ. ವಿಚಾರಣಾಧಿಕಾರಿ ಯಾರೆಂದು ಕೇಳಿದೆ. ತಾವೇ ಎಂದರು. ಸೆಲ್ಲು ಬದಲಾಯಿಸಿದ್ದು ಯಾರೆಂದು ನೇರವಾಗಿ ಕೇಳಿದೆ. ವಿಚಾರಣೆ ಮುಗಿಯುವವರೆಗೆ ಆ ಬಗ್ಗೆ ಮಾತನಾಡುವುದು ನಿಯಮಕ್ಕೆ ವಿರುದ್ಧವೆಂದರು.

ಹಣೆಯ ಜೊತೆಗೆ ಸೊಂಟವೂ ಹಿಡಿದುಕೊಂಡಿರುವುದರಿಂದ ಈ ವಾರ ಹಳಿಗಳನ್ನು ಕಳಚಿಲ್ಲ. ನನ್ನ ಗಂಡ ನಡುಮನೆಯನ್ನು ಸೀರೆಯ ನೆರಿಗೆ ಎತ್ತಿದಂತೆ ಪಂಚೆ ಎತ್ತಿಕೊಂಡು ದಾಟುತ್ತಿದ್ದಾರೆ. ಸೋಮವಾರ ಸಂಜೆ ಅಪ್ಪ ತಾವಾಗಿಯೇ ಕುರ್ಚಿಯನ್ನು ಟಿವಿಯಿಂದ ಹಳಿಯ ಕಡೆಗೆ ತಿರುಗಿಸಿಕೊಂಡು ಕುಳಿತಿದ್ದರು. ಗಾಡಿ ಬಿಡೋಣವೆಂದರೆ ರಿಮೋಟಿಗೆ ಸೆಲ್ಲಿಲ್ಲ. ಟಿವಿಯದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಸ್ಟೂಲು ಹತ್ತಿ ಗೋಡೆ ಗಡಿಯಾರದ ಸೆಲ್ಲನ್ನು ಬಿಚ್ಚಿ, ಎಳೆಯ ಎತ್ತಿನ ಜೊತೆಗೆ ಮುದಿ ಎತ್ತನ್ನು ನೊಗಕ್ಕೆ ಕಟ್ಟಿದಂತೆ ಒಂದು ಮುದಿ ಸೆಲ್ಲಿನ ಜೊತೆ ಹಾಕಿದೆ. ಗಾಡಿ ಹೊರಟಿತು. ಗಡಿಯಾರ ಆಗ ನಾಲ್ಕು ಹತ್ತು ತೋರಿಸುತ್ತಿತ್ತು. ಈಗಲೂ ಅದನ್ನೇ ತೋರಿಸುತ್ತಿದೆ. ಅಂದಿನಿಂದ ಬೆಳಿಗ್ಗೆ ಬಿಟ್ಟರೂ ರಾತ್ರಿ ಬಿಟ್ಟರೂ ಅಪ್ಪ ತಲೆಯೆತ್ತಿ ಗೋಡೆಯನ್ನು ನೋಡಿ, ಹೊರಟ ಸಮಯದ ಕಲಮಿನಲ್ಲಿ 16.10 ಎಂದು ಬರೆದು, ಮುಂದೆ "ರೈಟ್ ಟೈಮ್" ಎಂದು ಸೇರಿಸುತ್ತಿದ್ದಾರೆ.